ಕಳಸದ ಮಲೆ, ಕಾಂಡ್ಲಾ ಕೆಸರು

ಮಲೆನಾಡಿನವರ ಬಾಯಲ್ಲಿ ‘ಕೊಳೆ’ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಆಷಾಢದ ಮಳೆ ಬಿಡುವಿಲ್ಲದೆ ಹೊಡೆಯತೊಡಗಿತೆಂದರೆ ಅಡಕೆ ತೋಟದವನು ಕತ್ತೆತ್ತಿ ಮರದ ಕೊನೆಯನ್ನು ನೋಡುತ್ತಾನೆ. ಕಾಫಿ ತೋಟದವನು ಗಿಡದ ಒಳಗೊಂಬೆಯನ್ನು ಬಗ್ಗಿಸಿ ನೋಡುತ್ತಾನೆ. ಅಲ್ಲಿ ಹಸಿಗಾಯಿ ಉದುರುತ್ತಿದ್ದರೆ, ಇಲ್ಲಿ ಎಲೆ ಕಪ್ಪಾಗಿ ಸಣ್ಣ ನೂಲಿನಲ್ಲಿ ಕಟ್ಟಿದಂತೆ ಜೋತುಬಿದ್ದಿದ್ದರೆ, ಇಬ್ಬರೂ ಆಡುವ ಮಾತು ಒಂದೇ: ಕೊಳೆರೋಗ. ವಾಸ್ತವವಾಗಿ ಇವು ಬೇರೆ ಬೇರೆ ಜೀವಿಗಳಿಂದ ಬರುವ ಬೇರೆ ಬೇರೆ ರೋಗಗಳು. ಆದರೆ ಮಳೆ, ಮಬ್ಬು, ನಷ್ಟ ಈ ಮೂರೂ ಎರಡಕ್ಕೂ ಸಮಾನವಾಗಿರುವುದರಿಂದ ರೈತ ಒಂದೇ ಹೆಸರಿನಲ್ಲಿ ಎರಡನ್ನೂ ಬೈದು ಮುಗಿಸಿದ್ದಾನೆ.

ಈ ಕನ್ನಡದ ಬೈಗುಳ ಕಡಲು ದಾಟಿ ಹೋದದ್ದೊಂದು ಸ್ವಾರಸ್ಯದ ಕಥೆ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ಪಂಡಿತ ಎಂ. ಸಿ. ಕುಕ್ ಕಾಫಿಯ ಕೊಳೆರೋಗಕ್ಕೆ ಕಾರಣವಾದ ಬೂಷ್ಟನ್ನು ಪರೀಕ್ಷಿಸಿ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದು ನಾಮಕರಣ ಮಾಡಿದರು. ಮುಂದೆ 1958ರಲ್ಲಿ ಹಾಲೆಂಡಿನ ವಿದ್ವಾಂಸ ಡಾಂಕ್ ಅದನ್ನು ಇನ್ನೂ ಒಂದು ಮೆಟ್ಟಿಲು ಮೇಲೇರಿಸಿ ‘ಕೊಳೆರೋಗ’ವನ್ನೇ ಕುಲದ ಹೆಸರಾಗಿ ಮಾಡಿಬಿಟ್ಟರು. ಲ್ಯಾಟಿನ್ ಭಾಷೆಯ ಸಾಲಿನಲ್ಲಿ ಅಚ್ಚಕನ್ನಡದ ಮಾತೊಂದು ಪೀಠವೇರಿ ಕುಳಿತಿದೆ. ಕುಳಿತದ್ದು ಮಾತ್ರ ರೋಗದ ರೂಪದಲ್ಲಿ.

ಕೊಳೆಯೆಂದರೆ ಹಗೆ ಎಂಬುದು ಮಲೆಯ ಅನುಭವ. ಇದೇ ಮಲೆಯ ನೀರು ಕಡಲನ್ನು ಮುಟ್ಟುವೆಡೆಯಲ್ಲಿ ಅನುಭವ ಬೇರೆ. ಅಲ್ಲಿನ ಕರಿಯ ಕೆಸರಿನಲ್ಲಿ ಕೊಳೆಯುವುದರಿಂದಲೇ ಬದುಕು ನಡೆಯುತ್ತದೆ. ಕೊಳೆತದ್ದರ ನಾತವನ್ನೇ ಅನ್ನವಾಗಿ ಉಣ್ಣುವ ಕಣ್ಣಿಗೆ ಕಾಣದ ಜೀವಿಗಳ ಒಂದು ಲೋಕವೇ ಅಲ್ಲಿದೆ. ಮಲೆಯ ರೋಗವನ್ನು ಅರಿಯುವ ದಾರಿಯೂ ಕೆಸರಿನ ಈ ಜೀವಿಗಳನ್ನು ಅರಿಯುವ ದಾರಿಯೂ ಚರಿತ್ರೆಯಲ್ಲಿ ಒಬ್ಬನೇ ಗುರುವಿನ ಬಾಗಿಲನ್ನು ಹಾದುಹೋಗಿವೆ. ಆ ಕಥೆಯನ್ನು ಮೊದಲಿನಿಂದ ನೋಡೋಣ.

ತುಕ್ಕು, ಕೊಳೆ ಮತ್ತು ಮೈಲುತುತ್ತ

ಬಾಬಾ ಬುಡನ್ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಚಿಕ್ಕಮಗಳೂರಿನ ಮಕ್ಕಳೂ ಬಲ್ಲರು. ಬಹುಕಾಲ ಹಿತ್ತಲ ಗಿಡವಾಗಿದ್ದ ಕಾಫಿ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ತೋಟಗಳ ಬೆಳೆಯಾಯಿತು. ಒಂದೇ ಗಿಡ ಗುಡ್ಡದ ಮೇಲೆ ಗುಡ್ಡ ಹಬ್ಬಿದಾಗ ಅದರ ರೋಗವೂ ಹಬ್ಬುವುದು ಲೋಕನಿಯಮ. 1869ರಲ್ಲಿ ಸಿಂಹಳದಿಂದ ಬಂದ ಎಲೆಗಳಲ್ಲಿ ಕಿತ್ತಳೆ ಬಣ್ಣದ ಹುಡಿಯನ್ನು ಕಂಡು ಬರ್ಕ್ಲಿ ಎಂಬ ಪಾದ್ರಿ ಪಂಡಿತರು ಅದಕ್ಕೆ ‘ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್’ ಎಂದು ಹೆಸರಿಟ್ಟರು. ಎರಡನೆಯ ಮಾತಿನ ಅರ್ಥ ‘ಹಾಳುಗೆಡಹುವವಳು’. ಹೆಸರು ಸುಳ್ಳಾಗಲಿಲ್ಲ. ಸಿಂಹಳದ ಕಾಫಿ ಅಳಿದು ಆ ಗುಡ್ಡಗಳಲ್ಲಿ ಚಹ ಬೆಳೆಯಿತು. ಮೈಸೂರು ಸೀಮೆಗೂ ತುಕ್ಕು ಕಾಲಿಟ್ಟಿತು. ಬೋರರ್ ಹುಳ ಮತ್ತು ತುಕ್ಕು ಎರಡರ ಹೊಡೆತಕ್ಕೆ ಇಲ್ಲಿನ ಹಳೆಯ ‘ಚಿಕ್’ ತಳಿ ಸೊರಗಿ, ಅದರ ಜಾಗಕ್ಕೆ ಕೊಡಗಿನ ಬೀಜ ಬಂತು. ಮರದ ನೆರಳನ್ನು ಉಳಿಸಿಕೊಂಡದ್ದರಿಂದ ಮಲೆನಾಡಿನ ತೋಟಗಳು ಹೇಗೋ ತಲೆಯೆತ್ತಿ ನಿಂತವು.

1880ರಲ್ಲಿ ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ತರುಣ ವಿಜ್ಞಾನಿ ಸಿಂಹಳಕ್ಕೆ ಬಂದು ಎರಡು ವರ್ಷ ಈ ತುಕ್ಕಿನ ಬೆನ್ನುಹತ್ತಿದರು. ಹುಡಿಯ ಕಣವೊಂದು ಗಾಳಿಯಲ್ಲಿ ತೇಲಿಬಂದು, ಎಲೆಯ ಹನಿನೀರಿನಲ್ಲಿ ಮೊಳೆತು, ಉಸಿರುರಂಧ್ರದ ಮೂಲಕ ಒಳಹೊಗುವುದನ್ನು ಅವರು ತೋರಿಸಿಕೊಟ್ಟರು. ಗಿಡದ ರೋಗಕ್ಕೆ ಹವೆಯಾಗಲಿ ಮಣ್ಣಾಗಲಿ ಮೂಲವಲ್ಲ, ಇನ್ನೊಂದು ಜೀವಿ ಮೂಲ ಎಂಬ ಈ ಬಗೆಯ ವಿಚಾರಕ್ಕೆ ಯೂರೋಪಿನಲ್ಲಿ ಹಾದಿ ಹಾಕಿದವರು ಜರ್ಮನಿಯ ಆಂಟನ್ ಡಿ ಬಾರಿ. ಗೋಧಿಯ ತುಕ್ಕು ಒಂದು ಗಿಡದಿಂದ ಇನ್ನೊಂದು ಜಾತಿಯ ಗಿಡಕ್ಕೆ ಮನೆ ಬದಲಾಯಿಸುವ ವಿಚಿತ್ರವನ್ನು 1860ರ ದಶಕದಲ್ಲಿ ಸಾಧಿಸಿ ತೋರಿಸಿದವರು ಅವರು. ಗಿಡಗಳ ರೋಗಶಾಸ್ತ್ರಕ್ಕೆ ಅವರನ್ನೇ ಪಿತಾಮಹರೆಂದು ಕರೆಯುವುದು ವಾಡಿಕೆ.

ಆ ಶಾಸ್ತ್ರದ ಫಲ ನಮ್ಮ ಮಲೆನಾಡಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿ, ಅಡಕೆಯ ಕೊಳೆರೋಗವನ್ನು ಕೈಗೆತ್ತಿಕೊಂಡರು. ಅದುವರೆಗೆ ಕೊನೆಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದೇ ರೈತನಿಗಿದ್ದ ಉಪಾಯ. ಕೋಲ್ಮನ್ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದನ್ನು ಕಲಿಸಿದರು. ಈ ದ್ರಾವಣದ ಹುಟ್ಟೂ ತಮಾಷೆಯದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ರಸ್ತೆಯಂಚಿನ ಬಳ್ಳಿಗಳಿಗೆ ತಾಮ್ರದ ನೀಲಿ ನೀರನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟು ತಗಲದಿರುವುದನ್ನು 1882ರಲ್ಲಿ ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿದರು. 1885ರಲ್ಲಿ ಲೋಕಕ್ಕೆ ಸಾರಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಇಂದಿಗೂ ಮಳೆ ಹಿಡಿಯುವ ಮುನ್ನ ಮೂಡಿಗೆರೆ, ಕಳಸ, ಕೊಪ್ಪದ ತೋಟಗಳಲ್ಲಿ ಕಲಸುವ ಲೆಕ್ಕ ಇದೇ. ಕೋಲ್ಮನ್‌ರ ಪ್ರಯತ್ನದಿಂದಲೇ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗಶಾಲೆ ಸ್ಥಾಪನೆಯಾಯಿತು. ಕೊಳೆಯನ್ನು ಗೆಲ್ಲುವ ವಿದ್ಯೆಗೆ ಭದ್ರೆಯ ಸೀಮೆಯಲ್ಲಿ ಒಂದು ಮನೆಯಾಯಿತು.

ಪಿಯಾನೋ ಬಿಟ್ಟು ಬಂದ ಶಿಷ್ಯ

ಇನ್ನು ಡಿ ಬಾರಿಯವರ ಪ್ರಯೋಗಶಾಲೆಗೆ ಹಿಂದಿರುಗೋಣ. 1885ರಲ್ಲಿ, ಎಂದರೆ ಬೋರ್ಡೋ ದ್ರಾವಣ ಪ್ರಸಿದ್ಧಿಗೆ ಬಂದ ವರ್ಷವೇ, ಸ್ಟ್ರಾಸ್‌ಬರ್ಗಿನಲ್ಲಿದ್ದ ಅವರ ಬಳಿಗೆ ಸೆರ್ಗೈ ವಿನೋಗ್ರಾಡ್‌ಸ್ಕಿ ಎಂಬ ಯುವಕ ಬಂದ. ಹುಟ್ಟಿದ್ದು 1856ರಲ್ಲಿ ಕೀವ್ ನಗರದಲ್ಲಿ. ಪಿಯಾನೋ ಕಲಿಯಲೆಂದು ಸಂಗೀತ ಶಾಲೆಗೆ ಸೇರಿ, ಅದರಲ್ಲಿ ಮನಸ್ಸು ನಿಲ್ಲದೆ ವಿಜ್ಞಾನಕ್ಕೆ ತಿರುಗಿದವನು. ಆತ ಆರಿಸಿಕೊಂಡ ವಸ್ತು ಸಂಗೀತಕ್ಕೆ ಬಹು ದೂರದ್ದು: ಗಂಧಕದ ಬುಗ್ಗೆಗಳಲ್ಲೂ ನಾರುವ ಹೊಂಡಗಳಲ್ಲೂ ಬಿಳಿಯ ನೂಲಿನಂತೆ ಹರಡಿಕೊಳ್ಳುವ ‘ಬೆಜಿಯಟೋವಾ’ ಎಂಬ ಬ್ಯಾಕ್ಟೀರಿಯ.

ಈ ನೂಲನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಒಳಗೆ ಹೊಳೆಯುವ ಹರಳುಗಳು ಕಾಣುತ್ತವೆ. ಅವು ಗಂಧಕದ ಕಣಗಳೆಂದು ಆಗಲೇ ತಿಳಿದಿತ್ತು. ನೂಲು ಇದ್ದಲ್ಲಿ ಕೊಳೆತ ಮೊಟ್ಟೆಯ ನಾತ, ನಾತ ಇದ್ದಲ್ಲಿ ನೂಲು. ಆದ್ದರಿಂದ ನಾತವನ್ನು ಹುಟ್ಟಿಸುವುದು ಈ ಜೀವಿಯೇ ಎಂದು ದೊಡ್ಡ ದೊಡ್ಡ ಪಂಡಿತರೂ ನಂಬಿದ್ದರು. ಕಳ್ಳತನವಾದ ಮನೆಯ ಮುಂದೆ ನಿಂತವನನ್ನೇ ಕಳ್ಳನೆಂದು ಹಿಡಿದ ಹಾಗೆ!

ವಿನೋಗ್ರಾಡ್‌ಸ್ಕಿ ಮಾಡಿದ್ದು ತಾಳ್ಮೆಯ ಕೆಲಸ. ಗಾಜಿನ ತುಣುಕಿನ ಮೇಲೆ ಕೆಲವು ನೂಲುಗಳನ್ನಿಟ್ಟು, ದಿನವೂ ನೀರನ್ನು ಬದಲಾಯಿಸುತ್ತ, ಒಂದೇ ನೂಲನ್ನು ದಿನಗಟ್ಟಲೆ ನೋಡುತ್ತ ಕುಳಿತ. ನಾತದ ಅನಿಲವಿರುವ ನೀರನ್ನು ಕೊಟ್ಟಾಗ ಒಳಗೆ ಗಂಧಕದ ಕಣಗಳು ತುಂಬಿಕೊಂಡವು. ಬರಿಯ ನೀರನ್ನು ಕೊಟ್ಟಾಗ ಕಣಗಳು ಕರಗುತ್ತ ಹೋಗಿ, ನೀರಿನಲ್ಲಿ ಗಂಧಕಾಮ್ಲದ ಲವಣ ಕಾಣಿಸಿಕೊಂಡಿತು. ಕಣ ಪೂರ್ತಿ ಮುಗಿದ ಮೇಲೆ ನೂಲು ಹಸಿವಿನಿಂದ ಸತ್ತಿತು. ಎಂದಮೇಲೆ ಅದು ನಾತವನ್ನು ಹುಟ್ಟಿಸುತ್ತಿರಲಿಲ್ಲ, ತಿನ್ನುತ್ತಿತ್ತು. ನಾವು ಅನ್ನವನ್ನು ಉಸಿರಿನೊಡನೆ ಸುಟ್ಟು ಬಲ ಪಡೆಯುವಂತೆ ಅದು ಗಂಧಕವನ್ನು ಆಮ್ಲಜನಕದೊಡನೆ ಸುಟ್ಟು ಬಲ ಪಡೆಯುತ್ತಿತ್ತು. ಉಳಿತಾಯದ ಗಂಧಕವನ್ನು ಕಣಜದಲ್ಲಿ ಭತ್ತವಿಟ್ಟ ಹಾಗೆ ಮೈಯೊಳಗೆ ಇಟ್ಟುಕೊಂಡಿತ್ತು. 1887ರಲ್ಲಿ ಈ ಶೋಧ ಪ್ರಕಟವಾಯಿತು. ಮರುವರ್ಷದ ಆರಂಭದಲ್ಲೇ ಡಿ ಬಾರಿ ತೀರಿಕೊಂಡರು. ಶಿಷ್ಯ ಜ್ಯೂರಿಕ್ಕಿಗೆ ಹೋಗಿ, ಮಣ್ಣಿನಲ್ಲಿ ಸಾರಜನಕದ ಲವಣಗಳನ್ನು ಮಾಡುವ ಜೀವಿಗಳನ್ನು ಹಿಡಿದು, ಬಿಸಿಲಿನ ಹಂಗಿಲ್ಲದೆ ಬರಿಯ ಖನಿಜದ ಬಲದಿಂದ ಒಡಲನ್ನು ಕಟ್ಟುವ ಜೀವಿಗಳಿವೆಯೆಂಬುದನ್ನು ಸ್ಥಾಪಿಸಿದ.

ಹಾಗಾದರೆ ನಾತ ಹುಟ್ಟಿಸುವ ನಿಜವಾದ ಕಳ್ಳ ಯಾರು? ಅವನನ್ನು 1895ರಲ್ಲಿ ಹಿಡಿದವರು ಹಾಲೆಂಡಿನ ಬೈಯರಿಂಕ್. ಡೆಲ್ಫ್ಟ್ ಪಟ್ಟಣದ ಕಾಲುವೆಯ ಕೆಸರಿನಲ್ಲಿ, ಗಾಳಿಯೇ ಸೋಕದ ಕಡೆಯಲ್ಲಿ, ಗಂಧಕಾಮ್ಲದ ಲವಣದಿಂದ ಆಮ್ಲಜನಕವನ್ನು ಕಸಿದುಕೊಂಡು, ಉಳಿದದ್ದನ್ನು ನಾರುವ ಅನಿಲವಾಗಿ ಬಿಡುವ ಬೇರೊಂದು ಬ್ಯಾಕ್ಟೀರಿಯವನ್ನು ಅವರು ಕಂಡರು. ಕೆಳಗೆ ಒಬ್ಬ ನಾತವನ್ನು ಮಾಡುತ್ತಾನೆ. ಮೇಲೆ ಇನ್ನೊಬ್ಬ ಅದನ್ನು ತಿಂದು ಮತ್ತೆ ಲವಣ ಮಾಡುತ್ತಾನೆ. ಗಾಣದ ಎತ್ತಿನಂತೆ ಗಂಧಕ ಸುತ್ತು ಹೊಡೆಯುತ್ತಲೇ ಇರುತ್ತದೆ.

ಮೂರು ದಿಕ್ಕಿನ ನೀರು

ಈ ಗಾಣ ಅತ್ಯಂತ ರಭಸದಿಂದ ತಿರುಗುವ ಸ್ಥಳಗಳಲ್ಲಿ ಒಂದು ಉಷ್ಣವಲಯದ ಕಾಂಡ್ಲಾ ಕಾಡು. ನದಿ ಕಡಲನ್ನು ಸೇರುವ ಅಳಿವೆಯ ಉಪ್ಪುಕೆಸರಿನಲ್ಲಿ, ಬೇರುಗಳನ್ನು ಊರುಗೋಲಿನಂತೆ ಚಾಚಿ ನಿಲ್ಲುವ ಮರಗಳು ಇವು. ಕರಾವಳಿಯ ಈ ಮಾತಿಗೂ ವಿಜ್ಞಾನದಲ್ಲಿ ನೆಂಟಸ್ತಿಕೆಯುಂಟು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಡಚ್ಚರು ಅಚ್ಚು ಹಾಕಿಸಿದ ‘ಹೊರ್ಟುಸ್ ಮಲಬಾರಿಕುಸ್’ ಗ್ರಂಥಕ್ಕೆ ಮಲಯಾಳದ ‘ಕಂಡಲ್’ ಹೊಕ್ಕು, ಅಲ್ಲಿಂದ ‘ಕಂಡೇಲಿಯ’ ಎಂಬ ಕುಲನಾಮವಾಯಿತು. ಮಲೆಯ ಕೊಳೆರೋಗ, ಕಡಲಂಚಿನ ಕಂಡಲ್: ಎರಡೂ ಲ್ಯಾಟಿನ್ ವೇಷದಲ್ಲಿ ಪಕ್ಕಪಕ್ಕದಲ್ಲೇ ನಿಂತಿವೆ.

ಕಾಫಿಯ ಮಲೆಗೂ ಕಾಂಡ್ಲಾ ಕೆಸರಿಗೂ ಏನು ಸಂಬಂಧವೆಂದು ಕೇಳುವವರು ನದಿಗಳ ದಾರಿಯನ್ನು ನೆನೆದುಕೊಳ್ಳಬೇಕು. ಕುದುರೆಮುಖದ ಸಾಲಿನ ಗಂಗಾಮೂಲವನ್ನು ತುಂಗಾ, ಭದ್ರಾ, ನೇತ್ರಾವತಿ ಮೂರಕ್ಕೂ ತವರೆಂದು ಹೇಳುತ್ತಾರೆ. ನೇತ್ರಾವತಿ ಪಡುವಲಿಗೆ ಧುಮುಕಿ, ಧರ್ಮಸ್ಥಳವನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮಂಗಳೂರಿನ ಅಳಿವೆಯನ್ನು ಸೇರುತ್ತಾಳೆ. ಅಲ್ಲಿ ಕಾಂಡ್ಲಾ ಗಿಡಗಳಿವೆ. ಕಳಸ, ಬಾಳೆಹೊನ್ನೂರುಗಳ ಭದ್ರೆ ತುಂಗೆಯೊಡಗೂಡಿ ಕೃಷ್ಣೆಗೆ ಸೇರುತ್ತಾಳೆ; ಆಂಧ್ರದ ಕೃಷ್ಣಾ ಮುಖದಲ್ಲೂ ಕಾಂಡ್ಲಾ ಕಾಡಿದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಯ ಮಗಳು. ಕಾವೇರಿಯ ಕವಲಾದ ಕೊಳ್ಳಿಡಂ ಕಡಲು ಸೇರುವ ಬಳಿಯಲ್ಲೇ ತಮಿಳುನಾಡಿನ ಪಿಚ್ಚಾವರಂ ಕಾಂಡ್ಲಾ ವನ ಹಬ್ಬಿದೆ. ನಡುವೆ ಎಷ್ಟೋ ಅಣೆಕಟ್ಟುಗಳು, ಎಷ್ಟೋ ಗದ್ದೆಗಳು ನೀರನ್ನು ಹಿಡಿದುಕೊಳ್ಳುತ್ತವೆ, ನಿಜ. ಆದರೂ ಒಂದೇ ದಿಣ್ಣೆಯ ಮೇಲೆ ಬಿದ್ದ ಮಳೆ ಮೂರು ಕಾಂಡ್ಲಾ ಕಾಡುಗಳ ಕಡೆಗೆ ಮುಖ ಮಾಡುವ ಸೀಮೆ ನಮ್ಮ ನಾಡಿನಲ್ಲಿ ಬೇರೆಲ್ಲಿದೆ?

ಇಲ್ಲೊಂದು ಎಚ್ಚರಿಕೆ ಬೇಕು. ತೋಟಕ್ಕೆ ಹೊಡೆದ ಮೈಲುತುತ್ತದ ಗಂಧಕವೇ ಹರಿದುಹೋಗಿ ಕೆಸರಿನ ಜೀವಿಗಳನ್ನು ಸಾಕುತ್ತದೆಂದು ತಿಳಿಯಬಾರದು. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 2.7 ಗ್ರಾಮಿನಷ್ಟು ಗಂಧಕದ ಲವಣವಿದೆ. ಹೊಳೆಯ ನೀರಿನಲ್ಲಿರುವುದು ಅದರ ಮುಂದೆ ಲೆಕ್ಕಕ್ಕಿಲ್ಲದಷ್ಟು. ಗಂಧಕವನ್ನು ಕೊಡುವುದು ಕಡಲು. ಮಲೆ ಕೊಡುವುದು ಬೇರೆ ಮೂರನ್ನು: ಸಿಹಿನೀರು, ಕೊಳೆಯತಕ್ಕ ಎಲೆಕಸ, ಮತ್ತು ಕೆಮ್ಮಣ್ಣು. ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದು. ಕುದುರೆಮುಖದಲ್ಲಿ ಅದಿರಿನ ಗಣಿಯೇ ನಡೆದು, ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ನಿಂತಿತೆಂಬುದು ಎಲ್ಲರೂ ಬಲ್ಲ ಸಂಗತಿ. ಮಳೆಯೊಡನೆ ಇಳಿದ ಕಬ್ಬಿಣ ಅಳಿವೆಯಲ್ಲಿ ನಾರುವ ಅನಿಲವನ್ನು ಹಿಡಿದು ಕರಿಯ ವಸ್ತುವಾಗಿ ಕೂರುತ್ತದೆ. ಕಾಂಡ್ಲಾ ಕೆಸರು ಮಸಿಯಂತೆ ಕಪ್ಪಗಿರುವುದು ಇದರಿಂದಲೇ. ಮಲೆಯ ಕೆಂಪು ಅಳಿವೆಯಲ್ಲಿ ಕಪ್ಪಾಗುತ್ತದೆ.

ಕೆಸರಿನ ಕಾವಲುಗಾರರು

ಕೆಸರಿನ ಮೇಲ್ಮೈಯಲ್ಲಿ ಕೆಲವೇ ಮಿಲಿಮೀಟರು ಮಾತ್ರ ಗಾಳಿ ಇಳಿಯಬಲ್ಲದು. ಅದರ ಕೆಳಗೆಲ್ಲ ಬೈಯರಿಂಕರ ಜೀವಿಗಳ ರಾಜ್ಯ. ಅಲ್ಲಿಂದ ಮೇಲೇಳುವ ಅನಿಲ ಬರಿಯ ನಾತವಲ್ಲ, ವಿಷ. ಮೀನಿಗೂ ಏಡಿಗೂ ಮರದ ಬೇರಿಗೂ ಅದು ಮಾರಕ. ಗಾಳಿಯೂ ನಾತವೂ ಸಂಧಿಸುವ ಆ ಕೂದಲೆಳೆಯ ಗಡಿಯಲ್ಲಿ ವಿನೋಗ್ರಾಡ್‌ಸ್ಕಿಯ ಜೀವಿಗಳು ಕಾವಲು ಕುಳಿತಿರುತ್ತವೆ. ಕಾಂಡ್ಲಾ ಮರ ತನ್ನ ಉಸಿರುಬೇರುಗಳಿಂದ ಗಾಳಿಯನ್ನು ಕೆಳಗೆ ಕಳಿಸುತ್ತದೆ. ಏಡಿ ಬಿಲ ತೋಡಿ ಇನ್ನಷ್ಟು ಒಳಗೆ ಒಯ್ಯುತ್ತದೆ. ಬೇರೊಂದಕ್ಕೆ, ಬಿಲವೊಂದಕ್ಕೆ ಹೊಸ ಗಡಿ. ಗಡಿಯುದ್ದಕ್ಕೂ ಹೊಸ ಕಾವಲು.

ಈ ಕಾವಲುಗಾರರ ಪರಿಚಯ ನಮ್ಮ ಕಾಲದಲ್ಲಿ ಬಹಳ ಬೆಳೆದಿದೆ. ಗೋವೆಯಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಅಲ್ಲಿನ ಕಾಂಡ್ಲಾ ಕೆಸರಿನಿಂದ ಇವನ್ನು ಬೇರ್ಪಡಿಸಿ ಅಭ್ಯಾಸ ಮಾಡಿದ್ದಾರೆ. 1999ರಲ್ಲಿ ನಮೀಬಿಯದ ಕಡಲ ತಳದಿಂದ ‘ಗಂಧಕದ ಮುತ್ತು’ ಎಂಬರ್ಥದ ಥಿಯೊಮಾರ್ಗರಿಟ ವರದಿಯಾಯಿತು. ಬರಿಗಣ್ಣಿಗೆ ಚುಕ್ಕಿಯಂತೆ ಕಾಣುವ ಬ್ಯಾಕ್ಟೀರಿಯ ಅದು. 2012ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಸಾವಿರಾರು ಕೋಶಗಳು ಸರದಂತೆ ಕೂಡಿದ, ಕೆಸರಿನ ಆಳದಿಂದ ಮೇಲಕ್ಕೆ ವಿದ್ಯುತ್ತನ್ನು ಹರಿಸುವ ತಂತಿಜೀವಿಗಳನ್ನು ತೋರಿಸಿದರು. ತಳದ ಕೋಶ ನಾತವನ್ನು ತಿನ್ನುತ್ತದೆ, ಮೇಲಿನದು ಅದರ ಪರವಾಗಿ ಉಸಿರಾಡುತ್ತದೆ! ಮುಂದೆ ಇವು ಕಾಂಡ್ಲಾ ಕೆಸರಿನಲ್ಲೂ ಸಿಕ್ಕಿದವು. ಎಲ್ಲಕ್ಕಿಂತ ಬೆರಗಿನ ಸುದ್ದಿ 2022ರದು. ಕೆರಿಬಿಯನ್ ಕಡಲಿನ ಗ್ವಾಡಲೂಪ್ ದ್ವೀಪದಲ್ಲಿ, ನೀರಿನಲ್ಲಿ ಬಿದ್ದು ಕೊಳೆಯುತ್ತಿದ್ದ ಕಾಂಡ್ಲಾ ಎಲೆಗಳ ಮೇಲೆ ಬಿಳಿಯ ಎಳೆಗಳಂತೆ ನಿಂತಿದ್ದ ಜೀವಿಯನ್ನು ಒಲಿವಿಯೆ ಗ್ರೋ ಎಂಬವರು 2009ರಲ್ಲೇ ಕಂಡಿದ್ದರು. ಅದರ ಗಾತ್ರವನ್ನು ನೋಡಿ ಬ್ಯಾಕ್ಟೀರಿಯವೆಂದು ಊಹಿಸುವುದೇ ಕಷ್ಟವಾಗಿತ್ತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ತಿಳಿದುಬಂತು: ಅದು ಒಂದೇ ಕೋಶದ ಗಂಧಕಜೀವಿ, ಉದ್ದ ಸುಮಾರು ಒಂದು ಸೆಂಟಿಮೀಟರು, ಕೆಲವು ಎರಡು ಸೆಂಟಿಮೀಟರಿನವರೆಗೆ. ಲೋಕದಲ್ಲಿ ಇದುವರೆಗೆ ಕಂಡ ಬ್ಯಾಕ್ಟೀರಿಯಗಳಲ್ಲೆಲ್ಲ ದೊಡ್ಡದು ಹುಟ್ಟಿದ ತೊಟ್ಟಿಲು ಒಂದು ಕೊಳೆತ ಎಲೆ.

ಕಾವಲುಗಾರರೇ ಕೆಟ್ಟದ್ದನ್ನು ಮಾಡುವುದೂ ಉಂಟು. ಕಾಂಡ್ಲಾ ಕಡಿದು, ಒಡ್ಡು ಕಟ್ಟಿ, ಕೆಸರನ್ನು ಒಣಗಿಸಿದರೆ, ಶತಮಾನಗಳಿಂದ ಕಬ್ಬಿಣದೊಡನೆ ಹೂತುಕೊಂಡಿದ್ದ ಗಂಧಕಕ್ಕೆ ಒಮ್ಮೆಲೆ ಗಾಳಿ ಸೋಕುತ್ತದೆ. ಆಗ ಇದೇ ಬಗೆಯ ಜೀವಿಗಳು ಮಿತಿಯಿಲ್ಲದೆ ಉಂಡು ನೆಲವನ್ನೆಲ್ಲ ಗಂಧಕಾಮ್ಲದಿಂದ ಹುಳಿ ಮಾಡುತ್ತವೆ. ಕೇರಳದ ಕುಟ್ಟನಾಡಿನ ‘ಕರಿ’ ನೆಲದಲ್ಲಿ ಭತ್ತ ಬೆಳೆಯುವವರು ಈ ಹುಳಿಯೊಡನೆ ಗುದ್ದಾಡುತ್ತಲೇ ಬಂದಿದ್ದಾರೆ. ಅದೇ ಜೀವಿ, ಅದೇ ಆಹಾರ. ಹದ ತಪ್ಪಿದ್ದು ಮಾತ್ರ ನಮ್ಮ ಕೈಯಲ್ಲಿ.

ಪಲ್ಪರ್ ಮನೆಯ ನೀರು

ಈ ಪಾಠ ಮತ್ತೆ ಮಲೆಗೇ ಹಿಂದಿರುಗುತ್ತದೆ. ಗಂಧಕದ ಗಾಣ ಅಳಿವೆಯಲ್ಲಿ ಮಾತ್ರ ತಿರುಗುವುದಲ್ಲ. ತೋಟದ ಕೆಳಗಣ ಜೌಗು ಗದ್ದೆಯಲ್ಲೂ ಸಣ್ಣ ಪ್ರಮಾಣದಲ್ಲಿ ಅದು ತಿರುಗುತ್ತದೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಹುಟ್ಟುವ ವಿಷವಾಯುವಿನಿಂದ ಭತ್ತದ ಬೇರನ್ನು ಬೆಜಿಯಟೋವಾ ಕಾಪಾಡಬಲ್ಲದೆಂದು 1977ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಡೆದ ಅಭ್ಯಾಸ ತೋರಿಸಿದೆ. ಭತ್ತದ ಬೇರು ಗಾಳಿಯನ್ನು ಕೆಳಗೆ ಕಳಿಸುತ್ತದೆ. ಸೂಕ್ಷ್ಮಜೀವಿ ಪ್ರತಿಯಾಗಿ ಬೇರನ್ನು ಕಾಯುತ್ತದೆ. ಕಾಂಡ್ಲಾದಲ್ಲಿ ನಡೆಯುವ ಒಪ್ಪಂದವೇ ಇದು.

ಇನ್ನು ಹಣ್ಣಿನ ಕಾಲ. ನವೆಂಬರಿನಿಂದ ಮುಂದಕ್ಕೆ ಅರೇಬಿಕ ಹಣ್ಣು ಪಲ್ಪರ್ ಮನೆಗೆ ಬರುತ್ತದೆ. ಸಿಪ್ಪೆ ಬಿಡಿಸಿ, ಬೀಜಕ್ಕಂಟಿದ ಲೋಳೆಯನ್ನು ಹುದುಗೆಬ್ಬಿಸಿ ತೊಳೆದ ಮೇಲೆ ಹೊರಬೀಳುವ ನೀರಿನಲ್ಲಿ ಸಕ್ಕರೆ, ಲೋಳೆ, ಸಿಪ್ಪೆಯ ಚೂರು ತುಂಬಿರುತ್ತದೆ. ಅದೇ ಸಮಯಕ್ಕೆ ಮಳೆ ನಿಂತು ಹಳ್ಳ ಬಡವಾಗಿರುತ್ತದೆ. ಈ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಅದರಲ್ಲಿರುವ ಆಮ್ಲಜನಕವೆಲ್ಲ ಕೊಳೆಸುವ ಕೆಲಸಕ್ಕೇ ಮುಗಿದುಹೋಗುತ್ತದೆ. ಮೀನು ಸಾಯುತ್ತದೆ, ನೀರು ಕಪ್ಪಾಗುತ್ತದೆ, ನಾತ ಹಿಡಿಯುತ್ತದೆ. ಆ ನಾತದಲ್ಲಿ ಗಂಧಕದ ಪಾಲೂ ಉಂಟು. ನಾತವನ್ನು ತಿನ್ನತಕ್ಕ ಜೀವಿ ಅಲ್ಲಿಯೂ ಇದೆ. ಆದರೆ ಗಾಳಿಯೇ ಇಲ್ಲದ ನೀರಿನಲ್ಲಿ ಅದಕ್ಕೆ ಊಟ ಮುಂದಿದ್ದೂ ಉಸಿರಿಲ್ಲ. ಕೊಳೆಯುವ ವೇಗ ಗಾಳಿ ಇಳಿಯುವ ವೇಗವನ್ನು ಮೀರಿದ ಕ್ಷಣದಿಂದ ಕಾವಲು ಮುರಿಯುತ್ತದೆ.

1974ರ ಜಲಮಾಲಿನ್ಯ ಕಾನೂನು ಬಂದಮೇಲೆ ಇಂಥ ನೀರನ್ನು ಹಾಗೆಯೇ ಬಿಡುವುದು ಅಪರಾಧ. ಸುಣ್ಣ ಹಾಕಿ ಹುಳಿ ಮುರಿದು, ಮೊದಲು ಗಾಳಿಯಿಲ್ಲದ ಹೊಂಡದಲ್ಲಿ, ಆಮೇಲೆ ಗಾಳಿಯಾಡುವ ಹೊಂಡದಲ್ಲಿ ನಿಲ್ಲಿಸುವ ಕ್ರಮವನ್ನು ತೋಟಗಾರರಿಗೆ ಹೇಳಿಕೊಡಲಾಗಿದೆ. ಹೆಸರು ಏನೇ ಇರಲಿ, ಈ ಹೊಂಡಗಳ ಸಾಲು ಮನುಷ್ಯ ಕಟ್ಟಿದ ಪುಟ್ಟ ಕಾಂಡ್ಲಾ ಕೆಸರು: ಒಂದರಲ್ಲಿ ಬೈಯರಿಂಕರ ಜೀವಿಗಳಿಗೆ ಕೆಲಸ, ಇನ್ನೊಂದರಲ್ಲಿ ವಿನೋಗ್ರಾಡ್‌ಸ್ಕಿಯ ಜೀವಿಗಳಿಗೆ. ಹೊಂಡಕ್ಕೆ ಜಾಗವನ್ನೂ ಸಮಯವನ್ನೂ ಕೊಡುವ ತೋಟದ ಕೆಳಗೆ ಹಳ್ಳ ಬದುಕಿರುತ್ತದೆ. ಹೊಂಡ ಉಕ್ಕಿ ಹರಿಯುವಷ್ಟು ಅವಸರ ಮಾಡಿದಲ್ಲಿ ಕೆಳಗಿನ ಊರಿನವರು ಕುಡಿಯುವ ನೀರಿಗೆ ಬೇರೆ ದಾರಿ ಹುಡುಕಬೇಕಾಗುತ್ತದೆ.

ವಿನೋಗ್ರಾಡ್‌ಸ್ಕಿ ಬಹುಕಾಲ ಬದುಕಿದರು. ರಷ್ಯದ ಕ್ರಾಂತಿಯಲ್ಲಿ ನೆಲೆ ತಪ್ಪಿ, 1922ರಲ್ಲಿ ಫ್ರಾನ್ಸಿನ ಪಾಸ್ಚರ್ ಸಂಸ್ಥೆಯನ್ನು ಸೇರಿ, ಹಳ್ಳಿಯೊಂದರ ಪ್ರಯೋಗಶಾಲೆಯಲ್ಲಿ ಮಣ್ಣಿನ ಜೀವಿಗಳನ್ನು ನೋಡುತ್ತಲೇ ಮುಪ್ಪನ್ನು ಕಳೆದು 1953ರಲ್ಲಿ ತೀರಿಕೊಂಡರು. ನಾರುವ ಹೊಂಡದ ನೂಲನ್ನು ಅಸಹ್ಯಪಡದೆ ದಿನಗಟ್ಟಲೆ ನೋಡಿದ್ದೇ ಅವರ ದೊಡ್ಡ ವಿದ್ಯೆ. ಅದೇ ಗುರುಪರಂಪರೆಯಿಂದ ಬಂದ ಇನ್ನೊಂದು ವಿದ್ಯೆ ನಮ್ಮ ಮಲೆಯ ಗಿಡಗಳನ್ನು ಕೊಳೆಯಿಂದ ಉಳಿಸಿತು. ಗಿಡದ ಮೇಲಿನ ಕೊಳೆಯನ್ನು ತಡೆಯಲು ನಾವು ಚೆನ್ನಾಗಿ ಕಲಿತಿದ್ದೇವೆ. ನೀರಿನೊಳಗಿನ ಕೊಳೆಗೆ ಅದರ ಕೆಲಸವನ್ನು ಮಾಡಲು ಬಿಡುವುದನ್ನು ಇನ್ನೂ ಅರ್ಧ ಮಾತ್ರ ಕಲಿತಿದ್ದೇವೆ. ಉಳಿದರ್ಧವನ್ನು ಕಲಿಯುವುದಕ್ಕೆ ದೂರ ಹೋಗಬೇಕಾದದ್ದಿಲ್ಲ. ಡಿಸೆಂಬರಿನಲ್ಲಿ ತೋಟದ ಕೆಳಗಣ ಹಳ್ಳದ ದಡಕ್ಕೆ ಒಮ್ಮೆ ಹೋಗಿ ನಿಂತು ಮೂಗನ್ನು ಕೇಳಿದರೆ ಸಾಕು.